ಕಡಿಮೆ ಚಿತ್ರ, ಗಟ್ಟಿ ಕತೆ

ಸ್ನೇಹಿತರೇ, ನಾನು ಬರೆದ ಚಿತ್ರ ನೋಡಿ ನೀವೆಲ್ಲ ನಗ್ತೀರಿ. ಅದಕ್ಕೇ ಜಪಾನಿನ ಒಸಾಮು ತೆಜುಕಾ ಅವರ ಬಗ್ಗೆ ಹೇಳ್ತೀನಿ.

ಇವರು 1928ರಲ್ಲಿ ಜನಿಸಿದರು. ಡಾಕ್ಟರಿಕೆ ಓದಿದರೂ ಚಿತ್ರ ಬರೆಯುವುದನ್ನು ಬಿಡಲಿಲ್ಲ. ಅಮೆರಿಕದ ವಾಲ್ಟ್ ಡಿಸ್ನಿಯವರ ಕಾರ್ಟೂನ್ ಅಂದರೆ ಇವರಿಗೆ ಪ್ರಾಣ. ಡಿಸ್ನಿಯವರ ‘ಬ್ಯಾಂಬಿ’ಯಲ್ಲಿ ಜಿಂಕೆಮರಿ ನಿಜವಾದ ಜಿಂಕೆಯಂತೆಯೇ ಓಡುತ್ತದೆ. ಅದಕ್ಕೆ ಸಾವಿರಾರು ಚಿತ್ರ, ವರ್ಷಗಟ್ಟಲೆ ಕೆಲಸ. ತೆಜುಕಾ ಅವರಿಗೆ ಅಷ್ಟು ದುಡ್ಡಿರಲಿಲ್ಲ. 1963ರಲ್ಲಿ ಟಿ.ವಿ.ಗೆ ‘ಆಸ್ಟ್ರೋ ಬಾಯ್’ ಮಾಡಿದಾಗ ವಾರಕ್ಕೊಂದು ಕಂತನ್ನು ಕಡಿಮೆ ಚಿತ್ರಗಳಲ್ಲೇ ಮುಗಿಸಿದರು.

ಆದರೆ ಕತೆ ಗಟ್ಟಿ. ಮಗ ಸತ್ತ ವಿಜ್ಞಾನಿಯೊಬ್ಬ ಅವನಂತೆಯೇ ಯಂತ್ರದ ಹುಡುಗನನ್ನು ಮಾಡುತ್ತಾನೆ. ಅವನು ಬೆಳೆಯೋದಿಲ್ಲ ಅಂತ ಸರ್ಕಸ್ಸಿಗೆ ಮಾರಿಬಿಡುತ್ತಾನೆ. ನಂಗೆ ಅಳುವೇ ಬಂತು.

ತೆಜುಕಾ 1989ರಲ್ಲಿ ತೀರಿಕೊಂಡರು. ಡಿಸ್ನಿ ಚಿತ್ರ ಕಣ್ಣಿಗೆ ಹಬ್ಬ, ತೆಜುಕಾ ಕತೆ ಮನಸ್ಸಿನಲ್ಲೇ ಉಳಿಯುತ್ತೆ. ಇನ್ನು ನಾನೂ ಬರೀತೀನಿ, ನೀವು ನಕ್ಕರೂ ಪರವಾಗಿಲ್ಲ.