ಪತ್ರಿಕಾಧರ್ಮದ ಪಾಠ ಹೇಳಿದ ಡಿವಿಜಿ

ಮೆಟ್ರಿಕ್ಯುಲೇಷನ್ ದಾಟಲಾಗದ ಯುವಕರೊಬ್ಬರು ಮುಂದೆ ನಾಡಿನ ಪತ್ರಕರ್ತರಿಗೇ ಗುರುಸ್ಥಾನದಲ್ಲಿ ನಿಂತರು. ಅವರೇ ಡಿ.ವಿ. ಗುಂಡಪ್ಪ.

1887ರ ಮಾರ್ಚ್ 17ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಜನಿಸಿದ ಡಿವಿಜಿ, ಉದ್ಯೋಗ ಅರಸಿ ಬೆಂಗಳೂರಿಗೆ ಬಂದು ಪತ್ರಿಕಾವೃತ್ತಿಯನ್ನು ಹಿಡಿದರು. 1908ರಲ್ಲಿ ಮೈಸೂರು ಸರ್ಕಾರ ತಂದ ನಿರ್ಬಂಧ ಶಾಸನದಿಂದ ಸಂಸ್ಥಾನದ ಪತ್ರಿಕೆಗಳು ಸೊರಗಿದವು. ಅಂಥ ಸನ್ನಿವೇಶದಲ್ಲೇ, 1913ರಲ್ಲಿ, ಅವರು 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ದಿವಾನ್ ವಿಶ್ವೇಶ್ವರಯ್ಯನವರು ಆತ್ಮೀಯರಾಗಿದ್ದರು. ಆದರೆ ಸರ್ಕಾರವನ್ನು ವಿಮರ್ಶಿಸುವ ಹಕ್ಕನ್ನು ಡಿವಿಜಿ ಆ ಸ್ನೇಹಕ್ಕೆ ಒಪ್ಪಿಸಲಿಲ್ಲ.

1928ರಲ್ಲಿ ಬಾಗಲಕೋಟೆಯ ಪತ್ರಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಪತ್ರಿಕಾವೃತ್ತಿಯ ಸ್ವರೂಪ ಹಾಗೂ ಹೊಣೆಗಳನ್ನು ಕನ್ನಡದಲ್ಲಿ ವಿವರಿಸುವ 'ವೃತ್ತಪತ್ರಿಕೆ' ಕೃತಿಯನ್ನು ರಚಿಸಿದರು. ಮೈಸೂರು ಶಾಸನ ಪರಿಷತ್ತಿನ ಸದಸ್ಯರಾಗಿ ರಾಜಕಾರಣವನ್ನು ಒಳಗಿನಿಂದಲೂ ಕಂಡರು. ಪ್ರಜೆಗಳಿಗೆ ರಾಜ್ಯಶಾಸ್ತ್ರದ ಅರಿವಿಲ್ಲದೆ ಪ್ರಜಾಪ್ರಭುತ್ವ ನಿಲ್ಲದೆಂಬ ನಂಬಿಕೆಯಿಂದ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯನ್ನು ಕಟ್ಟಿದರು. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ನಡೆದ ಸನ್ಮಾನದಲ್ಲಿ ಅರ್ಪಿಸಲಾದ 90,000 ರೂಪಾಯಿಗಳ ನಿಧಿಯನ್ನು ಪೂರ್ಣವಾಗಿ ಆ ಸಂಸ್ಥೆಗೇ ನೀಡಿದರು.

'ಮಂಕುತಿಮ್ಮನ ಕಗ್ಗ'ದ ಕವಿಯೆಂದೇ ಇಂದು ಮನೆಮಾತಾಗಿರುವ ಡಿವಿಜಿಯವರ ಪತ್ರಕರ್ತ ರೂಪ ಮರೆಗೆ ಸರಿದಿದೆ. 1975ರ ಅಕ್ಟೋಬರ್ 7ರಂದು ಅವರು ನಿಧನರಾದಾಗ ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು, ಪತ್ರಿಕೆಗಳ ಮೇಲೆ ಸೆನ್ಸಾರ್ ಹೇರಲಾಗಿತ್ತು. ನಿರ್ಬಂಧದ ನೆರಳಿನಲ್ಲಿ ಲೇಖನಿ ಹಿಡಿದ ಹಿರಿಯರು ಮತ್ತೊಂದು ನಿರ್ಬಂಧದ ಕಾಲದಲ್ಲಿ ಕಣ್ಮುಚ್ಚಿದರು.