ಎಲಿಜಬೆತ್ ಫ್ರೈ
ಎಲಿಜಬೆತ್ ಫ್ರೈ (ಮೇ 21, 1780 – ಅಕ್ಟೋಬರ್ 12, 1845) ಇಂಗ್ಲೆಂಡಿನ ಸೆರೆಮನೆ ಸುಧಾರಕಿ. ನಾರ್ವಿಚ್ ನಗರದಲ್ಲಿ, ಕ್ವೇಕರ್ ಪಂಥದ ಗರ್ನಿ ಮನೆತನದಲ್ಲಿ ಜನಿಸಿದರು. 1813ರಲ್ಲಿ ಇವರು ಲಂಡನ್ನಿನ ನ್ಯೂಗೇಟ್ ಸೆರೆಮನೆಗೆ ಮೊದಲ ಬಾರಿ ಭೇಟಿಯಿತ್ತಾಗ, ಮಹಿಳಾ ವಿಭಾಗದಲ್ಲಿ ಕೈದಿಗಳೂ ಅವರ ಮಕ್ಕಳೂ ಕಿಕ್ಕಿರಿದಿದ್ದರು. ಕುಡಿತ, ಜೂಜು, ಜಗಳ ನಿತ್ಯದ ಸಂಗತಿಗಳಾಗಿದ್ದು, ಬೇಡಿ ಪಡೆದ ಕಾಸು ಮದ್ಯಕ್ಕೆ ವ್ಯಯವಾಗುತ್ತಿತ್ತು.

ದಂಡನೆಯೊಂದರಿಂದಲೇ ದುಶ್ಚಟ ಬಿಡಿಸಲಾಗದೆಂದು ಭಾವಿಸಿದ ಫ್ರೈ, 1817ರಲ್ಲಿ ಸಂಘವೊಂದನ್ನು ಸ್ಥಾಪಿಸಿ ಮಕ್ಕಳಿಗೆ ಶಾಲೆ, ಸ್ತ್ರೀಯರಿಗೆ ಹೊಲಿಗೆ ಕೆಲಸ ಹಾಗೂ ಮೇಲ್ವಿಚಾರಕಿಯನ್ನು ಒದಗಿಸಿದರು. ಭಿಕ್ಷೆ, ಜೂಜುಗಳನ್ನು ನಿಷೇಧಿಸಿದ ನಿಯಮಗಳಿಗೆ ಕೈದಿಗಳೇ ಕೈಯೆತ್ತಿ ಸಮ್ಮತಿಸಿದರು. ಮಹಿಳಾ ಕೈದಿಗಳ ಕಾವಲಿಗೆ ಮಹಿಳೆಯರೇ ಇರಬೇಕೆಂದು 1823ರ ಬ್ರಿಟಿಷ್ ಕಾನೂನು ವಿಧಿಸಿತು. ಭಾರತದ 1894ರ ಕಾರಾಗೃಹ ಕಾಯಿದೆಯೂ ಮಹಿಳಾ ಕೈದಿಗಳಿಗೆ ಪ್ರತ್ಯೇಕ ವಾಸವನ್ನು ಕಡ್ಡಾಯಗೊಳಿಸಿದೆ. ವ್ಯಸನಮುಕ್ತಿಯಲ್ಲಿ ಮಹಿಳಾ ಕೈದಿಗಳ ಅಗತ್ಯಗಳೇ ಬೇರೆ ಎಂಬ ಇಂದಿನ ಚಿಂತನೆಗೆ ಫ್ರೈ ಅವರ ಕಾರ್ಯ ಪೂರ್ವಪೀಠಿಕೆಯಂತಿದೆ.