ಶಸ್ತ್ರಶಿಲ್ಪಿ ಜಾನ್ ಬ್ರೌನಿಂಗ್

೧೯೧೭ರ ಏಪ್ರಿಲ್ ೬ರಂದು ಅಮೆರಿಕವು ಮೊದಲನೆಯ ಮಹಾಯುದ್ಧಕ್ಕಿಳಿದಾಗ ಅದರ ಸೈನ್ಯಕ್ಕೆ ಒದಗಿದ ತೊಡಕುಗಳಲ್ಲಿ ಒಂದು ನೋಡುವುದಕ್ಕೆ ಬಲು ಚಿಕ್ಕದು. ಸಿಪಾಯಿಗಳ ಸಂಖ್ಯೆ ಲಕ್ಷಗಟ್ಟಲೆ ಏರುತ್ತಿತ್ತು. ಅವರ ಸೊಂಟಕ್ಕೆ ಕಟ್ಟುವಷ್ಟು ಪಿಸ್ತೂಲುಗಳಿರಲಿಲ್ಲ. ಆರು ವರ್ಷಗಳ ಹಿಂದೆಯಷ್ಟೇ ಸ್ವೀಕೃತವಾಗಿದ್ದ ಹೊಸ ಪಿಸ್ತೂಲನ್ನು ಎಷ್ಟು ತಯಾರಿಸಿದರೂ ಸಾಲುವಂತಿರಲಿಲ್ಲ. ಆಗ ಅಧಿಕಾರಿಗಳು ಆರಿಸಿಕೊಂಡದ್ದು, ಕಾಲ ಮುಗಿಯಿತೆಂದು ತಾವೇ ಬದಿಗಿರಿಸಿದ್ದ ದಪ್ಪ ಮೈಕಟ್ಟಿನ ರಿವಾಲ್ವರನ್ನು. ಆದರೆ ಅದರೊಳಗೆ ತುಂಬಿದ್ದು ಹೊಸ ಪಿಸ್ತೂಲಿನ ತೋಟಾವನ್ನು. ಆ ಪಿಸ್ತೂಲೂ ಆ ತೋಟಾವೂ ಒಬ್ಬನೇ ಮನುಷ್ಯನ ಕೈಯಿಂದ ಬಂದವು. ಅವನೇ ಜಾನ್ ಮೋಸೆಸ್ ಬ್ರೌನಿಂಗ್.

ಬ್ರೌನಿಂಗನು ಹುಟ್ಟಿದ್ದು ೧೮೫೫ರ ಜನವರಿಯಲ್ಲಿ, ಯೂಟಾ ಪ್ರಾಂತದ ಆಗ್ಡೆನ್ ಎಂಬ ಊರಿನಲ್ಲಿ. ತಂದೆ ಜೋನಾಥನ್ ಬಂದೂಕು ಮಾಡುವ ಕಸಬಿನವನು. ಮಾರ್ಮನ್ ಪಂಥವನ್ನು ಸೇರಿ, ಆ ಪಂಥದವರೊಡನೆ ಪಶ್ಚಿಮಕ್ಕೆ ಬಂದು ನೆಲೆಸಿದವನು. ಅವನಿಗೆ ಮೂವರು ಹೆಂಡಿರು, ಇಪ್ಪತ್ತೆರಡು ಮಕ್ಕಳು. ಅಂಥ ತುಂಬಿದ ಸಂಸಾರದಲ್ಲಿ ಹುಡುಗನಿಗೆ ನಿಜವಾದ ಪಾಠಶಾಲೆಯೆಂದರೆ ತಂದೆಯ ಕುಲುಮೆ. ಮೂಲೆಯಲ್ಲಿ ಬಿದ್ದಿದ್ದ ಮುರುಕು ಕಬ್ಬಿಣವನ್ನು ಹೆಕ್ಕಿ ಹತ್ತನೆಯ ವಯಸ್ಸಿಗೇ ಅವನು ಒಂದು ಬಂದೂಕನ್ನು ಜೋಡಿಸಿದನು. ೧೮೭೯ರಲ್ಲಿ ತಂದೆ ತೀರಿಕೊಂಡನು. ಅದೇ ವರ್ಷ ಮಗನಿಗೆ ಮೊದಲ ಪೇಟೆಂಟ್ ದೊರೆಯಿತು. ೧೮೮೩ರಲ್ಲಿ ವಿಂಚೆಸ್ಟರ್ ಕಂಪನಿಯ ಬೆನೆಟ್ ಎಂಬ ಅಧಿಕಾರಿ ಆಗ್ಡೆನ್ನಿಗೇ ಬಂದು, ಎಂಟು ಸಾವಿರ ಡಾಲರು ಕೊಟ್ಟು ಆ ಬಂದೂಕಿನ ಹಕ್ಕನ್ನು ಕೊಂಡನು. ಮುಂದೆ ಸುಮಾರು ಇಪ್ಪತ್ತು ವರ್ಷಗಳ ಕಾಲ ಆ ಕಂಪನಿಯ ಹೆಸರಿನಲ್ಲಿ ಲೋಕವು ಮೆಚ್ಚಿಕೊಂಡ ಎಷ್ಟೋ ಬಂದೂಕುಗಳು ಈ ಮಿತಭಾಷಿಯ ಕೃತಿಗಳೇ.

ಅವನ ಪ್ರತಿಭೆ ಹೊಸ ದಾರಿಗೆ ಹೊರಳಿದ ಗಳಿಗೆಯೊಂದುಂಟು. ೧೮೮೯ರಲ್ಲಿ ಗುರಿ ಹೊಡೆಯುವ ಬಯಲಿನಲ್ಲಿ, ಬಂದೂಕಿನ ಬಾಯಿಂದ ಹೊರಟ ಹೊಗೆಯ ರಭಸಕ್ಕೆ ಮುಂದಿದ್ದ ಹುಲ್ಲುಗಿಡಗಳು ಬಾಗಿದ್ದನ್ನು ಅವನು ಕಂಡನು. ಎಲ್ಲರೂ ಕಂಡಿದ್ದ ನೋಟವೇ ಅದು. ವ್ಯರ್ಥವಾಗುವ ಆ ಶಕ್ತಿಯಿಂದಲೇ ಮುಂದಿನ ತೋಟಾವನ್ನು ತುಂಬಿಸಬಾರದೇಕೆಂಬ ವಿಚಾರ ಮಾತ್ರ ಅವನಿಗೆ ಹೊಳೆಯಿತು. ಅದರಿಂದ ಹುಟ್ಟಿದ ಮೆಷಿನ್‌ಗನ್ನನ್ನು ಕೋಲ್ಟ್ ಕಂಪನಿ ೧೮೯೫ರ ಮಾದರಿಯೆಂದು ಹೊರತಂದಿತು. ಸಿಡಿತದ ಬಲವನ್ನು ದುಡಿಸಿಕೊಳ್ಳುವ ಈ ತತ್ತ್ವವೇ ಬೇರೊಂದು ರೂಪದಲ್ಲಿ ಪಿಸ್ತೂಲಿಗೂ ಇಳಿಯಿತು. ೧೯೦೨ರಲ್ಲಿ ಗೌರವಧನದ ವಿಷಯದಲ್ಲಿ ವಿಂಚೆಸ್ಟರಿನೊಡನೆ ಸಂಬಂಧ ಮುರಿಯಿತು. ಅವನು ರೆಮಿಂಗ್ಟನ್ ಕಂಪನಿಯ ಅಧ್ಯಕ್ಷನನ್ನು ಕಾಣಲು ಹೋಗಿ ಕಾದಿದ್ದ ದಿನವೇ ಆ ಅಧ್ಯಕ್ಷನು ಹೃದಯಾಘಾತದಿಂದ ತೀರಿಕೊಂಡನು. ಬ್ರೌನಿಂಗನು ಹಡಗು ಹತ್ತಿ ಬೆಲ್ಜಿಯಮ್ಮಿಗೆ ಹೋದನು. ಲಿಯೇಜ್ ನಗರದ ಬಳಿಯ ಹೆರ್ಸ್ಟಾಲ್ ಕಾರ್ಖಾನೆ ಅವನಿಗೆ ಎರಡನೆಯ ಮನೆಯಾಯಿತು.

ಇತ್ತ ಫಿಲಿಪೈನ್ಸ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯವು ಮೋರೋ ಜನರೊಡನೆ ಕಾದುತ್ತಿತ್ತು. ೦.೩೮ ಅಂಗುಲದ ಗುಂಡು ನುಗ್ಗಿಬರುವ ಎದುರಾಳಿಯನ್ನು ತಡೆಯುತ್ತಿಲ್ಲವೆಂದು ದೂರು ಬಂದಿತು. ಸ್ವಂತ ನೆಲಕ್ಕಾಗಿ ಹೋರಾಡುವವರನ್ನು ಕೆಡಹಲು ಗುಂಡಿನ ಗಾತ್ರ ಸಾಲದೆಂಬ ಈ ದೂರನ್ನು ಓದುವಾಗ, ಪರಾಧೀನತೆಯನ್ನು ಬಲ್ಲ ನಾಡಿನವರಾದ ನಮ್ಮ ಮನಸ್ಸು ಮುದುಡದಿರದು. ಬ್ರೌನಿಂಗನು ೦.೪೫ ಅಂಗುಲದ ತೋಟಾವನ್ನೂ ಅದಕ್ಕೊಪ್ಪುವ ಪಿಸ್ತೂಲನ್ನೂ ರೂಪಿಸಿದನು. ೧೯೧೧ರ ಮಾರ್ಚಿಯ ಪರೀಕ್ಷೆಯಲ್ಲಿ ಅದು ಆರು ಸಾವಿರ ಗುಂಡುಗಳನ್ನು ಒಮ್ಮೆಯೂ ತಡವರಿಸದೆ ಹಾರಿಸಿತು. ಸೈನ್ಯದಲ್ಲಿ ರಿವಾಲ್ವರಿನ ಯುಗ ಮುಗಿಯಿತೆಂದೇ ಬಲ್ಲವರು ಭಾವಿಸಿದರು.

ಆರು ವರ್ಷಗಳಲ್ಲಿ ಯುದ್ಧದ ಅವಸರವು ಆ ಭಾವನೆಯನ್ನು ಬದಲಿಸಿತು. ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸ್ಸನ್ ಕಂಪನಿಗಳ ಬಳಿ ದೊಡ್ಡ ರಿವಾಲ್ವರುಗಳ ಅಚ್ಚು, ಯಂತ್ರ, ಕೆಲಸಗಾರರು ಸಿದ್ಧವಾಗಿದ್ದರು. ಬ್ರಿಟಿಷ್ ಸೈನ್ಯಕ್ಕಾಗಿ ಅವರು ಅಂಥವನ್ನು ಮಾಡಿಯೂ ಇದ್ದರು. ಸಣ್ಣ ಮೈಕಟ್ಟಿನ ರಿವಾಲ್ವರಿನ ಉರುಳೆಯಲ್ಲಿ ಇಷ್ಟು ದಪ್ಪದ ಆರು ತೋಟಾಗಳಿಗೆ ಎಡೆಯಿಲ್ಲ. ಆದ್ದರಿಂದ ದೊಡ್ಡದೇ ಬೇಕು. ರಣರಂಗಕ್ಕೆ ಎರಡು ಬಗೆಯ ತೋಟಾಗಳನ್ನು ಸಾಗಿಸುವ ಗೋಜು ಬೇಡ. ಆದ್ದರಿಂದ ಪಿಸ್ತೂಲಿನ ತೋಟಾವೇ ಬೇಕು.

ತೊಡಕು ಇದ್ದದ್ದು ತೋಟಾದ ಬುಡದಲ್ಲಿ. ರಿವಾಲ್ವರಿನ ತೋಟಾಕ್ಕೆ ಬುಡದಲ್ಲಿ ಹೊರಚಾಚಿದ ಅಂಚಿರುತ್ತದೆ. ಅದು ಉರುಳೆಯ ರಂಧ್ರದಿಂದ ಮುಂದೆ ಜಾರದಂತೆ ಹಿಡಿದಿಡುವುದು, ಹಾರಿಸಿದ ಮೇಲೆ ಬರಿಯ ಕವಚವನ್ನು ಹೊರದಬ್ಬಲು ಆಸರೆ ಕೊಡುವುದು ಆ ಅಂಚೇ. ಪಿಸ್ತೂಲಿನ ಹಿಡಿಯೊಳಗೆ ಒಂದರ ಮೇಲೊಂದು ಸಲೀಸಾಗಿ ಏರಬೇಕಾದ ಬ್ರೌನಿಂಗನ ತೋಟಾಕ್ಕೆ ಅಂಥ ಅಂಚಿಲ್ಲ, ಒಂದು ತೋಡು ಮಾತ್ರ ಉಂಟು. ಸ್ಮಿತ್ ಅಂಡ್ ವೆಸ್ಸನ್ನಿನವರು ಅರ್ಧಚಂದ್ರಾಕಾರದ ಉಕ್ಕಿನ ತೆಳುಪಟ್ಟಿಯೊಂದನ್ನು ಮಾಡಿ, ಮೂರು ತೋಟಾಗಳ ತೋಡನ್ನು ಅದಕ್ಕೆ ಸಿಕ್ಕಿಸಿದರು. ಅಂಚಿಲ್ಲದ್ದಕ್ಕೆ ಅಂಚು ಒದಗಿತು. ನಮ್ಮ ಭಾಷೆಯೂ ಇದನ್ನೇ ಮಾಡುತ್ತದೆಯಷ್ಟೆ! ವ್ಯಂಜನಾಂತವಾದ ಪರಭಾಷಾಶಬ್ದ ಬಂದರೆ ಕೊನೆಗೊಂದು ಉಕಾರವನ್ನು ಸೇರಿಸುತ್ತೇವೆ. ಬಸ್ ಬಸ್ಸಾಗಿ ನಮ್ಮ ವಿಭಕ್ತಿಗಳಿಗೆ ಒಗ್ಗುತ್ತದೆ. ಮೂರು ಮೂರಾಗಿ ಎರಡೇ ಸಲಕ್ಕೆ ಆರು ತೋಟಾಗಳೂ ತುಂಬುವುದರಿಂದ ಈ ತೇಪೆಯ ಆಯುಧವು ಹಳೆಯ ರಿವಾಲ್ವರಿಗಿಂತ ಚುರುಕೂ ಆಯಿತು. ಆ ಪಟ್ಟಿ ಕಳೆದುಹೋದರೆ ಮಾತ್ರ ಕಷ್ಟ. ಮೊದಮೊದಲ ಕೋಲ್ಟ್ ರಿವಾಲ್ವರುಗಳ ರಂಧ್ರ ನೇರವಾಗಿದ್ದುದರಿಂದ ತೋಟಾ ಒಳಸರಿದು ಏಟು ತಗಲುತ್ತಿರಲಿಲ್ಲ. ಸ್ಮಿತ್ ಅಂಡ್ ವೆಸ್ಸನ್ ರಂಧ್ರದೊಳಗೆ ಒಂದು ಮೆಟ್ಟಿಲು ಕೊರೆದಿತ್ತು. ಗುಂಡು ಹಾರುತ್ತಿತ್ತು, ಆದರೆ ಬರಿಯ ಕವಚಗಳನ್ನು ಕಡ್ಡಿಯಿಂದ ಒಂದೊಂದಾಗಿ ನೂಕಬೇಕಾಗಿತ್ತು. ಎರಡೂ ಕಂಪನಿಗಳಿಂದ ಸೈನ್ಯಕ್ಕೆ ಸುಮಾರು ಮೂರು ಲಕ್ಷ ರಿವಾಲ್ವರುಗಳು ಬಂದವು.

ಬ್ರೌನಿಂಗನು ಆಗ ತನ್ನ ಹೊಸ ಮೆಷಿನ್‌ಗನ್ನಿನ ಕೆಲಸದಲ್ಲಿದ್ದನು. ೧೯೧೭ರ ಮೇ ತಿಂಗಳ ಪರೀಕ್ಷೆಯಲ್ಲಿ ಅದು ನಾಲ್ವತ್ತೆಂಟು ನಿಮಿಷಗಳಿಗೂ ಹೆಚ್ಚು ಕಾಲ ನಿಲ್ಲದೆ ಗುಂಡುಗಳ ಮಳೆಗರೆಯಿತು. ಪಿಸ್ತೂಲೂ ಸೇರಿ ಈ ಆಯುಧಗಳ ಹಕ್ಕಿಗೆ ಸರ್ಕಾರವು ಏಳೂವರೆ ಲಕ್ಷ ಡಾಲರು ಕೊಡುವೆನೆಂದಾಗ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಬರಬಹುದಾಗಿದ್ದರೂ ಅವನು ಚೌಕಾಸಿ ಮಾಡಲಿಲ್ಲ. ಅವನ ಮಗ ವ್ಯಾಲ್ ಆ ಯುದ್ಧದಲ್ಲಿ ಫ್ರಾನ್ಸಿನ ರಣಭೂಮಿಗೆ ಹೋದನು. ೧೯೧೪ರಲ್ಲಿ ಸರಾಯೆವೋ ನಗರದಲ್ಲಿ ಪ್ರಿನ್ಸಿಪ್ ಎಂಬ ತರುಣನು ಆಸ್ಟ್ರಿಯದ ಯುವರಾಜನನ್ನು ಕೊಂದ ಪಿಸ್ತೂಲು ಕೂಡ ಬೆಲ್ಜಿಯಮ್ಮಿನಲ್ಲಿ ತಯಾರಾದ ಬ್ರೌನಿಂಗನ ಮಾದರಿಯೇ. ಆಯುಧಪೂಜೆಯಂದು ಉಳಿ ಬಾಚಿಗಳ ಪಕ್ಕದಲ್ಲಿ ಕತ್ತಿಗೂ ಕುಂಕುಮವಿಡುವ ನಾವು ಇವನನ್ನು ಶಿಲ್ಪಿಯೆನ್ನಲು ಹಿಂಜರಿಯಬೇಕಾಗಿಲ್ಲ. ಆದರೆ ಹಾಗೆನ್ನುವಾಗ ನಾಲಗೆ ಒಂದು ಕ್ಷಣ ತಡೆಯುವುದೂ ನಿಜ.

೧೯೨೬ರ ನವೆಂಬರ್ ೨೬ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಲಿಯೇಜಿನ ಆ ಕಾರ್ಖಾನೆಯಲ್ಲಿ ಕೆಲಸದ ನಡುವೆಯೇ ಅವನ ಹೃದಯ ನಿಂತಿತು. ಆಗ ಅವನ ಹೆಸರಿನಲ್ಲಿ ೧೨೮ ಪೇಟೆಂಟುಗಳಿದ್ದವು. ಅರ್ಧದಲ್ಲಿ ಉಳಿದ ಪಿಸ್ತೂಲೊಂದನ್ನು ಅಲ್ಲಿನ ಸೈವ್ ಎಂಬ ಶಿಲ್ಪಿ ಪೂರ್ತಿಗೊಳಿಸಿದನು. ಬಹುಕಾಲದ ಮೇಲೆ ನಮ್ಮ ದೇಶದ ಇಶಾಪುರದ ಕಾರ್ಖಾನೆಯೂ ಅದನ್ನು ತಯಾರಿಸಿತು. ಆ ದಪ್ಪ ರಿವಾಲ್ವರುಗಳಾದರೋ ಉಗ್ರಾಣ ಸೇರಿದ್ದವು. ೧೯೨೦ರಲ್ಲಿ ಅವುಗಳಿಗೆಂದೇ ಅಂಚುಳ್ಳ ತೋಟಾ ಪೇಟೆಗೆ ಬಂದಿತು; ೧೯೩೭ರ ಸುಮಾರಿಗೆ ಬ್ರೆಜಿಲ್ ದೇಶವು ಇಪ್ಪತ್ತೈದು ಸಾವಿರ ಹೊಸ ರಿವಾಲ್ವರುಗಳನ್ನು ತರಿಸಿಕೊಂಡಿತು. ಎರಡನೆಯ ಮಹಾಯುದ್ಧ ಬಂದಾಗ ಅಮೆರಿಕವು ಉಗ್ರಾಣದ ಬಾಗಿಲು ತೆರೆದು ಹಳೆಯವನ್ನು ಮತ್ತೆ ಸಿಪಾಯಿಗಳಿಗೆ ಹಂಚಿತು. ಆಗಲೂ ಅವುಗಳಲ್ಲಿ ತುಂಬಿದ್ದು ಬ್ರೌನಿಂಗನ ಅದೇ ತೋಟಾ, ಅದೇ ಅರ್ಧಚಂದ್ರದ ಪಟ್ಟಿಯಲ್ಲಿ.